ತಿಳಿದು ಕೊಟ್ಟ ಮೋಟಾರು

ಸುಟ್ಟ ಮೋಟಾರಿನ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಅದನ್ನರಿಯದ ಭಾಗ್ಯವಂತರಿಗಾಗಿ ಹೇಳುತ್ತೇನೆ: ಬೆಲ್ಲದ ಪಾಕ ತಳ ಹಿಡಿದಿರುವಾಗ ಅದೇ ಒಲೆಯ ಪಕ್ಕದಲ್ಲಿ ಯಾರೋ ಹಳೆಯ ರಬ್ಬರು ಚಪ್ಪಲಿಯನ್ನೂ ಮರೆತಿಟ್ಟಿದ್ದರೆ ಎಂಥ ಗಾಳಿ ಏಳುತ್ತದೋ, ಅಂಥದ್ದು. ಇವತ್ತು ಬೆಳಿಗ್ಗೆ ಅರಸೀಕೆರೆಯಿಂದ ಮಾಲೇಕಲ್ಲಿಗೆ ಹೋಗುವ ದಾರಿಯಲ್ಲಿರುವ ನಮ್ಮ ತೆಂಗಿನ ತೋಟಕ್ಕೆ ಹೋಗಿ ಪಂಪಿನ ಕೋಣೆಯ ಬಾಗಿಲು ತೆರೆದಾಗ ಆ ವಾಸನೆ ನನ್ನನ್ನು ಎದುರುಗೊಂಡಿತು. ಕೃಷಿ ಹೊಂಡದಿಂದ ನೀರೆತ್ತುವ ಮೋಟಾರು ಮುಟ್ಟಲಾಗದಷ್ಟು ಕಾದು ಕುಳಿತಿತ್ತು. ಕರೆಂಟಿನ ಮೂರು ಫೇಸುಗಳಲ್ಲಿ ಒಂದು ಕೈಕೊಟ್ಟಿರಬೇಕು; ಉಳಿದ ಎರಡರ ಮೇಲೆ ಇಡೀ ಹೊರೆ ಬಿದ್ದು ಒಳಗಿನ ತಂತಿಯೆಲ್ಲ ಕರಿಯಾಗಿತ್ತು. ಇಂಥ ಹೊತ್ತಿನಲ್ಲಿ ತೋಟವಿರುವವನು ಹಣೆ ಚಚ್ಚಿಕೊಳ್ಳಬೇಕು. ನಾನು ನಕ್ಕೆ. ಜೊತೆಯಲ್ಲಿದ್ದ ನನ್ನ ಹೆಂಡತಿ, "ಏನ್ರೀ, ಮೋಟಾರ್ ಜೊತೆ ನಿಮ್ಮ ತಲೇದೂ ಒಂದು ಫೇಸು ಹೋಯ್ತಾ?" ಎಂದಳು.

ಆಕೆಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮಗೆ ಕೊಡುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಉದ್ದ ಮಾಡುವುದನ್ನು ನಾನು ಕ್ರಮಬದ್ಧವಾಗಿ ಕಲಿತವನು.

ಕಾಲೇಜಿನ ಮೂರು ವರ್ಷಗಳಲ್ಲಿ ನಾನು ಇತಿಹಾಸ ಕಲಿತೆನೆಂದು ನನ್ನ ಪದವಿಪತ್ರ ಹೇಳುತ್ತದೆ. ವಸ್ತುಸ್ಥಿತಿಯಲ್ಲಿ ನಾನು ಕಲಿತದ್ದು ಚರ್ಚಾಸ್ಪರ್ಧೆ. ವಿಷಯದ ಪರವಾಗಿ ಐದು ನಿಮಿಷ, ವಿರುದ್ಧವಾಗಿ ಐದು ನಿಮಿಷ, ಎರಡಕ್ಕೂ ಸಮಾನವಾದ ಆವೇಶ. ಹೀಗೆ ಗೆದ್ದು ತಂದ ಹಿತ್ತಾಳೆಯ ಬಟ್ಟಲುಗಳನ್ನು ನಮ್ಮಮ್ಮ ಬಹುಕಾಲ ಮೆಂತ್ಯ, ಸಾಸಿವೆ ಹಾಕಿಡಲು ಬಳಸಿದರು. ಮುಂದೆ ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾದ ಮೇಲೆ ಎದುರಾಳಿಗಳಿಲ್ಲದೆ ನನ್ನ ಆವೇಶವೆಲ್ಲ ಸಮಾಜದ ಕಡೆಗೆ ತಿರುಗಿತು. ಮದುವೆಮನೆಗಳಲ್ಲಿ ಪ್ಲಾಸ್ಟಿಕ್ ಲೋಟ ಬಳಸಬಾರದೆಂದು ಭಾಷಣ ಮಾಡಿದೆ. ಮದುವೆಗಳಿಗೆ ಕರೆಯುವುದನ್ನೇ ಜನ ಕಡಿಮೆ ಮಾಡಿದರು. ಆಮೇಲೆ ನನಗೆ ಕಂಡದ್ದು ಕಸುಬಿನ ಪ್ರಶ್ನೆ. ಓದು ಮುಗಿಸಿದ ಮಕ್ಕಳಿಗೆ ಅರ್ಜಿ ಬರೆಯಲು ಬರುತ್ತದೆ, ಒಂದು ಬೋಲ್ಟು ಬಿಚ್ಚಲು ಬರುವುದಿಲ್ಲ. ಬಿಚ್ಚಲು ಬರುವವರ ಬಳಿ ಕಲಿಯಲು ಹೋಗುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ. ಆದ್ದರಿಂದ ನಾನೇ ಹೇಳಿಕೊಡುವೆನೆಂದು ಭಾನುವಾರಗಳಲ್ಲಿ ಶಾಲೆಯ ಹಾಲಿನಲ್ಲಿ ಒಂದು ಮಾಹಿತಿ ಕೂಟ ಆರಂಭಿಸಿದೆ.

ಕೂಟದಲ್ಲಿ ನಾನು ಹೇಳುತ್ತಿದ್ದುದೆಲ್ಲ ಸತ್ಯವೇ. ಐಟಿಐ ಮುಗಿಸಿದವರು, ಕೆಲವು ಕಸುಬುಗಳಿಗೆ ಬರೀ ಎಸ್ಸೆಸ್ಸೆಲ್ಸಿ ಮುಗಿಸಿದವರೂ, ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಕೈಯಲ್ಲಿರಬೇಕು. ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಯಾವುದಾದರೂ ಕಾರ್ಖಾನೆಯೋ ವರ್ಕ್‌ಶಾಪೋ ಕರೆದರೆ ಸಂದರ್ಶನ, ಬಳಿಕ ಎರಡೂ ಕಡೆಯವರು ಒಪ್ಪುವ ಕರಾರು. ಕಲಿಯುವಷ್ಟು ಕಾಲ ತಿಂಗಳಿಗಿಷ್ಟೆಂದು ಸ್ಟೈಪೆಂಡ್, ಕೊನೆಯಲ್ಲಿ ಪರೀಕ್ಷೆ, ಪ್ರಮಾಣಪತ್ರ. ಇದು ಗೌರವದ ಹಾದಿ, ಹಕ್ಕಿನ ಹಾದಿ. ಇವತ್ತಿಗೂ ನಾನು ಅದನ್ನು ಮೊದಲು ಹೇಳುತ್ತೇನೆ.

ಒಂದು ಭಾನುವಾರ ನಾನು ಹೀಗೆ ನಿರರ್ಗಳವಾಗಿ ಸಾಗುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ಯುವತಿ ಎದ್ದು ನಿಂತಳು. ಹೆಸರು ಗಿರಿಜಾ, ಹಳೇಬೀಡಿಗೆ ಅಂಟಿಕೊಂಡಿರುವ ಬಸ್ತಿಹಳ್ಳಿಯವಳು. ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿ ಎರಡು ವರ್ಷವಾಗಿತ್ತು.

"ಸಾರ್, ಪೋರ್ಟಲ್‌ನಲ್ಲಿ ಹೆಸರು ಹಾಕಿದೀನಿ. ಹತ್ತಿರದ್ದು ತೋರ್ಸು ಅಂದ್ರೆ ಅದು ಬೆಂಗಳೂರು ತೋರಿಸ್ತದೆ."

ಸಭೆ ನಕ್ಕಿತು. ಅವಳು ನಗಲಿಲ್ಲ.

"ನಂಗೆ ಮೋಟಾರ್ ವೈಂಡಿಂಗ್ ಕಲೀಬೇಕು ಸಾರ್. ನಮ್ಮ ಕಡೆ ಒಂದು ಮೋಟಾರ್ ಸುಟ್ರೆ ಅರಸೀಕೆರೆಗೋ ಹಾಸನಕ್ಕೋ ಹೊತ್ಕಂಡು ಬರ್ಬೇಕು. ಅದು ವಾಪಸ್ ಬರೋಷ್ಟರಲ್ಲಿ ಗಿಡ ಒಣಗಿರ್ತವೆ. ಇಲ್ಲಿ ರುದ್ರಣ್ಣನ ಅಂಗಡೀಲಿ ಕಲೀಬೇಕು ಅಂತ ಆಸೆ. ಅಲ್ಲಿಗೆ ಸೇರೋದಕ್ಕೆ ಯಾವ ಫಾರಂ?"

ಯಾವ ಫಾರಮ್ಮೂ ಇಲ್ಲವೆಂಬುದು ನನಗೆ ಗೊತ್ತಿತ್ತು. ಒಬ್ಬನೇ ದುಡಿಯುವ ಅಂಗಡಿ ಅಪ್ರೆಂಟಿಸ್ ಕಾಯಿದೆಯ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಸಭೆಯ ಮುಂದೆ ನಿಂತ ಮಾತುಗಾರನು ಗೊತ್ತಿಲ್ಲ, ಇಲ್ಲ ಎಂಬ ಪದಗಳನ್ನು ಬಳಸುವುದಿಲ್ಲ. "ನಾನೇ ಬಂದು ಮಾತಾಡ್ತೀನಮ್ಮ" ಎಂದೆ.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ರುದ್ರಣ್ಣನ ಅಂಗಡಿಗೆ ನಾನು ಬರಿಗೈಯಲ್ಲಿ ಹೋಗಲಿಲ್ಲ. ಹಿಂದಿನ ದಿನವೇ ಕುಳಿತು ಹನ್ನೊಂದು ಷರತ್ತುಗಳ ಒಂದು ಕರಾರು ಬರೆದಿದ್ದೆ. ಕಲಿಕೆಯ ಅವಧಿ, ದಿನದ ಹೊತ್ತು, ವಾರದ ರಜೆ, ಸುರಕ್ಷತೆ, ಮಹಿಳೆಯೆಂಬ ಕಾರಣಕ್ಕೆ ಭೇದ ಸಲ್ಲದು, ಎಲ್ಲವೂ ಇತ್ತು. ರುದ್ರಣ್ಣ ಮೂಗಿನ ತುದಿಯ ಕನ್ನಡಕದಿಂದ ಅದನ್ನು ಎರಡು ಸಲ ಓದಿದರು. ಐವತ್ತೈದರ ಆಸುಪಾಸಿನ ಮನುಷ್ಯ. ಹಣೆಯ ಮೇಲೆ ವಿಭೂತಿ, ಬೆರಳ ತುದಿಗಳಲ್ಲಿ ತೊಳೆದರೂ ಹೋಗದ ಕಂದು ಬಣ್ಣ.

"ಚೆನ್ನಾಗಿ ಬರ್ದಿದೀರ ಮೇಷ್ಟ್ರೇ. ನಂಗೇ ಬಂದು ಸೇರ್ಕಳಣ ಅನ್ನಿಸ್ತದೆ" ಎಂದು ಮಡಿಸಿ ಕೊಟ್ಟರು. ಆಮೇಲೆ ಹೊರಗೆ ನಿಂತಿದ್ದ ಗಿರಿಜಾಳ ಕಡೆ ತಿರುಗಿ, ಕಾಲ ಬಳಿ ಬಿದ್ದಿದ್ದ ಸುಟ್ಟ ಮೋಟಾರೊಂದನ್ನು ತೋರಿಸಿದರು.

"ನೋಡವ್ವ, ಇದ್ರ ಒಳಗಿನ ತಂತಿ ಬಿಚ್ಚು. ಒಂದೊಂದು ಕಾಯಿಲ್‌ನಲ್ಲೂ ಎಷ್ಟು ಸುತ್ತು ಐತೆ ಅಂತ ಎಣ್ಸು. ಸರಿಯಾಗಿ ಹೇಳಿದ್ರೆ ನಾಳೆ ಬಾ, ತಪ್ಪಾದ್ರೆ ನಾಡಿದ್ದು ಬಾ."

ಇಷ್ಟೇ ಪ್ರವೇಶ ಪರೀಕ್ಷೆ. ತಪ್ಪಾದರೂ ಬರಲು ಹೇಳಿದರೆಂಬುದನ್ನು ನಾನು ಮನೆಗೆ ಬಂದ ಮೇಲೆ ಗಮನಿಸಿದೆ. ಅವಳು ಎಣಿಸಿದಳು, ಮಾರನೆಯ ದಿನವೇ ಹೋದಳು.

ಇಂಥ ಅಂಗಡಿಗಳಲ್ಲಿ ಕಲಿಕೆ ನಡೆಯುವ ಕ್ರಮವನ್ನು ಸ್ವಲ್ಪ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇದನ್ನು ಕೇಳಬೇಕಾದವರು ಯಾರಾದರೂ ಇರಬಹುದು. ಮೊದಲ ಕೆಲವು ತಿಂಗಳು ಬರೀ ಬಿಚ್ಚುವುದು. ಮೋಟಾರಿನ ಹೊರಭಾಗವು ಕಬ್ಬಿಣದ ಒಂದು ಡಬ್ಬಿ. ಅದರ ಒಳಗೋಡೆಯಲ್ಲಿ ಉದ್ದನೆಯ ಸೀಳುಗಳಿರುತ್ತವೆ. ತಾಮ್ರದ ತಂತಿಯ ಸುರುಳಿಗಳು ಆ ಸೀಳುಗಳಲ್ಲಿ ಕುಳಿತಿರುತ್ತವೆ. ಸುಟ್ಟ ಸುರುಳಿಯನ್ನು ಕಡಿದು ತೆಗೆದು, ಸುತ್ತು ಎಣಿಸಿ, ತಂತಿಯ ದಪ್ಪ ಅಳೆದು, ಯಾವ ಸೀಳಿನಿಂದ ಯಾವ ಸೀಳಿಗೆ ಹಾರಿದೆಯೆಂದು ಪುಸ್ತಕದಲ್ಲಿ ಚಿತ್ರ ಬರೆಯಬೇಕು. ಆಮೇಲೆ ಸೀಳಿಗೆ ಹಾಸುವ ಕಾಗದ ಕತ್ತರಿಸುವುದು, ಸುರುಳಿ ಹೊರಗೆ ಬಾರದಂತೆ ಸೀಳಿನ ಬಾಯಿಗೆ ಒತ್ತುವ ಬಿದಿರಿನ ಚಕ್ಕೆ ಹೆರೆಯುವುದು. ಆಮೇಲೆ ಹೊಸ ಸುರುಳಿ ಸುತ್ತುವುದು. ಆಮೇಲೆ ಅದನ್ನು ತಂತಿಯ ಮೈ ಗೀರದಂತೆ ಒಂದೊಂದೇ ಎಳೆಯಾಗಿ ಸೀಳಿನೊಳಗೆ ಇಳಿಸುವುದು. ರುದ್ರಣ್ಣ ಬಾಯಿಬಿಟ್ಟು ವಿವರಿಸುವುದು ಅಪರೂಪ. ಮಾಡಿ ತೋರಿಸುತ್ತಿದ್ದರು, ಮಾಡಲು ಬಿಡುತ್ತಿದ್ದರು, ತಪ್ಪಾದರೆ, "ಬಿಚ್ಚು" ಎನ್ನುತ್ತಿದ್ದರು. ನಾನು ತರಗತಿಯಲ್ಲಿ ಒಂದು ವರ್ಷದಲ್ಲಿ ಬಳಸುವ ಪದಗಳನ್ನು ತೂಕಕ್ಕೆ ಹಾಕಿದರೆ ಆ ಒಂದು ಪದದಷ್ಟು ಭಾರ ಬರುವುದೋ ಇಲ್ಲವೋ.

ಒಂದು ವರ್ಷ ಕಳೆಯುವ ಹೊತ್ತಿಗೆ ಗಿರಿಜಾ ಎಲ್ಲವನ್ನೂ ಮಾಡುತ್ತಿದ್ದಳು, ಆದರೆ ತುಂಡುತುಂಡಾಗಿ. ಆದಿಯಿಂದ ಅಂತ್ಯದವರೆಗೆ ತಾನೊಬ್ಬಳೇ ಒಂದು ಮೋಟಾರು ಸುತ್ತಿರಲಿಲ್ಲ. ಅದಕ್ಕೆ ಆ ಅಂಗಡಿಯಲ್ಲೊಂದು ಕಟ್ಟಳೆಯಿತ್ತು. ಕಲಿಯುವವರ ಮೊದಲ ಮೋಟಾರು ಕದ್ದು ಕೊಟ್ಟದ್ದಾಗಿರಬಾರದು. ಅಂದರೆ, ಮೋಟಾರಿನ ಯಜಮಾನನಿಗೆ ತಿಳಿಸಬೇಕು, ಅವನು ತನ್ನ ಬಾಯಿಂದಲೇ "ಇವರು ಸುತ್ತಲಿ" ಎಂದು ಹೇಳಬೇಕು. ಹೇಳದೆ ಅವಳಿಂದ ಮಾಡಿಸಿ ತನ್ನದೆಂದು ಕೊಟ್ಟುಬಿಡಬಹುದಲ್ಲ ಎಂದು ನಾನೊಮ್ಮೆ ಉಪಾಯ ಹೇಳಿದೆ. ರುದ್ರಣ್ಣ ನನ್ನನ್ನು ಕನಿಕರದಿಂದ ನೋಡಿದರು.

"ನೀವು ಮಕ್ಕಳಿಗೆ ಪಾಠ ಹೇಳೋರು! ಅಂಗೆ ಮಾಡಿದ್ರೆ ಅದು ಓಡಿದ್ರೆ ನಂದು, ಸುಟ್ರೆ ಅವ್ಳುದು ಆಯ್ತದೆ. ಅವ್ಳದು ಅನ್ನೋದು ಓಡೋದ್ರಲ್ಲೂ ಇರ್ಬೇಕಲ್ವಾ? ನಂದು ಮೊದ್ಲುದ್ದು ರೈಸ್‌ಮಿಲ್ಲಿಂದು. ಯಜಮಾನ್ರು ಎದುರಿಗೇ ಕುರ್ಚಿ ಹಾಕ್ಕಂಡು ಕೂತಿದ್ರು. ಮೂರು ಸಲ ಬಿಚ್ಚಿದೀನಿ, ಅವ್ರು ಎದ್ದು ಹೋಗ್ನಿಲ್ಲ."

ಗಿರಿಜಾಗೆ ಅಂಥ ಯಜಮಾನ ಸಿಗಲಿಲ್ಲ. ನಾನೂ ಊರೂರಿಗೆ ಹೋಗಿ ಅವಳಿಗೊಂದು ಅವಕಾಶ ಕೊಡಿ ಎಂದೆ. ಕೇಳಿದವರೆಲ್ಲ ಒಳ್ಳೆಯವರೇ. "ಕಲೀಲಿ ಬುಡಿ, ಹೆಣ್ಮಗ ಪಾಪ. ಆದ್ರೆ ನಮ್ದು ಬ್ಯಾಡ, ಅರ್ಜೆಂಟ್ ಐತೆ" ಎಂದರು ಒಬ್ಬರು. "ಪಕ್ಕದ್ಮನೆಯೋರ್ದು ಸುತ್ತಿದ್ಮೇಲೆ ನಮ್ದು ಕೊಡ್ತೀವಿ" ಎಂದರು ಇನ್ನೊಬ್ಬರು. ಅಷ್ಟರಲ್ಲಿ ಅವಳ ಮನೆಯವರು ಹಾಸನದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ ನೋಡಿದ್ದರು. ಅವರನ್ನು ದೂರಲಾರೆ, ವರ್ಷವಿಡೀ ಬಸ್ಸು ಹತ್ತಿ ಹೋಗಿ ಬಂದ ಮಗಳಿಗೆ ಇದು ನಾನು ಸುತ್ತಿದ್ದು ಎಂದು ತೋರಿಸಲು ಒಂದು ಮೋಟಾರೂ ಇಲ್ಲವೆಂದರೆ ಅವರು ಇನ್ನೇನು ಮಾಡಿಯಾರು? ಬರುವ ತಿಂಗಳ ಮೊದಲ ಸೋಮವಾರ ಅವಳು ಅಲ್ಲಿಗೆ ಸೇರಬೇಕೆಂದು ನಿಶ್ಚಯವಾಯಿತು.

ಆ ದಿನಗಳಲ್ಲೇ ನಾನು ಶಾಲೆಯ ಮಕ್ಕಳನ್ನು ಹಳೇಬೀಡಿಗೆ ಪ್ರವಾಸ ಕರೆದೊಯ್ದಿದ್ದೆ. ದೇವಾಲಯದ ಗೋಡೆಯ ತಳದಲ್ಲಿ ಸಾಲುಗಟ್ಟಿರುವ ಆನೆಗಳನ್ನು ನೀವು ನೋಡಿರುತ್ತೀರಿ. ಅವುಗಳ ಮುಂದೆ ನಿಂತು ನಾನು, "ಮಕ್ಕಳೇ, ಇಷ್ಟು ಆನೆಗಳಲ್ಲಿ ಒಂದಾದರೂ ಆನೆ ಹೊಸದಾಗಿ ಉಳಿ ಹಿಡಿದವನ ಕೈಯದಾಗಿರಲೇಬೇಕು. ಅವನಿಗೆ ಅಷ್ಟು ಜಾಗ ಬಿಟ್ಟುಕೊಟ್ಟವನೊಬ್ಬನು ಇದ್ದನಲ್ಲ, ಅವನ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ" ಎಂದು ಭಾವಾವೇಶದಿಂದ ಹೇಳಿ, ಕಾಲು ಸ್ವಲ್ಪ ದಪ್ಪವಿದ್ದ ಒಂದು ಆನೆಯನ್ನು ತೋರಿಸಿದೆ. ಪಕ್ಕದಲ್ಲಿ ಹಾದುಹೋಗುತ್ತಿದ್ದ ಗೈಡ್ ಥಟ್ಟನೆ ನಿಂತರು. "ಸಾರ್, ಎಲ್ಲಾ ಬಿಟ್ಟು ನಮ್ಮಾನೆ ಕಾಲ್ಯಾಕೆ ನೋಡ್ತೀರ? ಬೇಕಾದ್ರೆ ಬೇಲೂರಿಗೆ ಹೋಗಿ ಹುಡುಕ್ಕಳಿ" ಎಂದರು. ಮಕ್ಕಳು ವಾಪಸ್ಸು ಬರುವವರೆಗೂ ಒಬ್ಬರ ಕಾಲನ್ನೊಬ್ಬರು ಪರೀಕ್ಷಿಸುತ್ತಿದ್ದರು.

ಆ ವಾರವೇ ನಮ್ಮ ಮೋಟಾರು ಮೊದಲ ಸಲ ಸುಟ್ಟಿತು.

ಫೆಬ್ರುವರಿಯಲ್ಲೇ ಬಿರು ಬಿಸಿಲು. ಹಿಂದಿನ ಮಳೆಗಾಲದಲ್ಲಿ ನೆಟ್ಟ ಅರವತ್ತು ತೆಂಗಿನ ಸಸಿಗಳು ಎರಡೆರಡು ಗರಿ ಬಿಚ್ಚಿಕೊಂಡು ನೀರಿಗೆ ಕಾಯುತ್ತಿದ್ದವು. ಲಗೇಜ್ ಆಟೋದಲ್ಲಿ ಮೋಟಾರು ಹಾಕಿಸಿಕೊಂಡು ರುದ್ರಣ್ಣನ ಅಂಗಡಿಗೆ ಓಡಿದೆ. ಗಿರಿಜಾ ಮೂಲೆಯಲ್ಲಿ ಕುಳಿತು ಯಾವುದೋ ಸುಟ್ಟ ಸುರುಳಿಯ ಎಳೆ ಎಣಿಸುತ್ತಿದ್ದಳು. ನಾನು ಬೆವರು ಒರೆಸಿಕೊಂಡು ಹೇಳಿದೆ:

"ರುದ್ರಣ್ಣ, ಸಸಿಗಳು ಬಾಡ್ತಿವೆ. ಇದನ್ನ ದಯವಿಟ್ಟು ನೀವೇ ಕೂತು ಸುತ್ತಿಕೊಡಬೇಕು."

ಗಿರಿಜಾ ತಲೆ ಎತ್ತಲಿಲ್ಲ. "ಮೂವತ್ತೊಂದು, ಮೂವತ್ತೆರಡು" ಎನ್ನುತ್ತಿದ್ದವಳಿಗೆ ಲೆಕ್ಕ ತಪ್ಪಿತು. ಮತ್ತೆ "ಒಂದು, ಎರಡು" ಎಂದು ಮೊದಲಿನಿಂದ ಎಣಿಸತೊಡಗಿದಳು.

ರುದ್ರಣ್ಣ ನನ್ನ ಮುಖ ನೋಡಿದರು. "ಆಯ್ತು ಮೇಷ್ಟ್ರೇ, ನಾನೇ ಸುತ್ತಣ. ಅಲ್ಲ, ಹನ್ನೊಂದು ಷರತ್ತು ಬರ್ಕಂಡು ಬಂದಿದ್ರಲ್ಲ, ಅದ್ರಲ್ಲಿ ಇದು ಎಷ್ಟನೇದು?"

ಚರ್ಚಾಸ್ಪರ್ಧೆಯಲ್ಲಿ ಪ್ರತಿವಾದಿಯ ಪ್ರಶ್ನೆಗೆ ಉತ್ತರ ತೋಚದಿದ್ದರೆ ಒಂದು ಲೋಟ ನೀರು ಕೇಳಿ ಕುಡಿಯಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ಆ ನೀರನ್ನೂ ನಾನು ಕೇಳಲಿಲ್ಲ. ಹೊರಗೆ ಬಂದು ಬೀದಿಯ ಕೊನೆಯವರೆಗೆ ನಡೆದೆ. ಇದಕ್ಕೆ ಸಮರ್ಥನೆಗಳು ಇರಲಿಲ್ಲವೆಂದು ತಿಳಿಯಬೇಡಿ. ಐದು ನಿಮಿಷಕ್ಕೆ ಸಾಕಾಗುವಷ್ಟು ಇದ್ದವು. ಸಸಿ ಜೀವವಲ್ಲವೇ? ತುರ್ತಿಗೂ ತತ್ತ್ವಕ್ಕೂ ವ್ಯತ್ಯಾಸವಿಲ್ಲವೇ? ಮುಂದಿನ ಸಲ ಕೊಟ್ಟರಾಗದೇ? ಮೂರನೆಯ ವಾದಕ್ಕೆ ಬಂದಾಗ, ಇದೇ ಮಾತನ್ನು ಆ ಒಳ್ಳೆಯವರೆಲ್ಲ ಆಡಿದ್ದರೆಂಬುದು ಹೊಳೆದು ಕಾಲು ತಾನಾಗಿ ನಿಂತಿತು. ಊರೂರಿಗೆ ಹೋಗಿ ಅವಕಾಶ ಕೊಡಿ ಎಂದವನು ನಾನು. ಯಾರಿಗೆ ಹೇಳುತ್ತಿದ್ದೆ? ನನ್ನನ್ನು ಬಿಟ್ಟು ಉಳಿದವರಿಗೆ.

ಹಿಂದಿರುಗಿ ಬಾಗಿಲಲ್ಲಿ ನಿಂತು, ಅಷ್ಟು ಕಷ್ಟಪಟ್ಟು ಜೀವನದಲ್ಲಿ ಬೇರಾವ ವಾಕ್ಯವನ್ನೂ ಹೇಳಿರಲಾರೆ: "ಗಿರಿಜಾ ಸುತ್ತಲಿ."

"ಬೇಡ ಸಾರ್" ಎಂದಳು ಅವಳು. "ನನ್ ಮೇಲೆ ಕನಿಕರಕ್ಕೆ ಕೊಡ್ಬೇಡಿ."

"ಕನಿಕರ ಅಲ್ಲಮ್ಮ. ನಂಗೆ ಭಯಾನೇ ಆಗ್ತಿದೆ. ಭಯ ಇಟ್ಕೊಂಡೇ ಕೊಡ್ತಿದೀನಿ."

ಅವಳು ಮೊದಲ ಬಾರಿಗೆ ನಕ್ಕಳು. "ಹಂಗಾದ್ರೆ ಸರಿ. ನಂಗೂ ಆಗ್ತಿದೆ."

"ಒಂದೇ ಷರತ್ತು ಮೇಷ್ಟ್ರೇ" ಎಂದರು ರುದ್ರಣ್ಣ. "ನೀವು ದಿನಾ ಸ್ಕೂಲ್ ಮುಗಿಸ್ಕಂಡು ಬಂದು ಕೂತ್ಕಳಿ. ಆದ್ರೆ ಮಾತಾಡಂಗಿಲ್ಲ."

ಮೂರು ಸಂಜೆ ನಾನು ಅಂಗಡಿಯ ಸ್ಟೂಲೊಂದರ ಮೇಲೆ ಮೌನವಾಗಿ ಕುಳಿತೆ. ಇದನ್ನು ಕೇಳಿ ನನ್ನ ಸಹೋದ್ಯೋಗಿಗಳು ನೋಡಲು ಬಂದಿದ್ದರೆಂಬುದು ಉತ್ಪ್ರೇಕ್ಷೆಯಲ್ಲ. ಗಿರಿಜಾ ಒಂದು ಸುರುಳಿ ಇಳಿಸಿ, ಬೆರಳಿನಿಂದ ಸವರಿ, ಗೀರಿಲ್ಲವೆಂದು ಖಾತ್ರಿಯಾದ ಮೇಲೆ ಬಿದಿರಿನ ಚಕ್ಕೆ ಒತ್ತಿ ಮುಂದಿನ ಸೀಳಿಗೆ ಹೋಗುವಳು. ಮೂರನೆಯ ಸಂಜೆ ತುದಿಗಳನ್ನೆಲ್ಲ ಬೆಸೆದು, ಮೂರು ವೈರು ಹೊರತೆಗೆದು, ಮೋಟಾರು ಜೋಡಿಸಿ ಸ್ವಿಚ್ ಒತ್ತಿದಳು.

ಮೋಟಾರು ಗುಂಯ್ ಎಂದಿತು, ತಿರುಗಲಿಲ್ಲ. ಕೋಪ ಬಂದ ಕೋಣದ ಹಾಗೆ ನಿಂತಲ್ಲೇ ನಡುಗಿತು. ರುದ್ರಣ್ಣ ಕೈಚಾಚಿ ಸ್ವಿಚ್ ಆರಿಸಿದರು. ನಾನು ಅವರ ಕಡೆ ನೋಡಿದೆ: ಏನಾದರೂ ಹೇಳಿ, ಎಲ್ಲಿ ತಪ್ಪಾಗಿದೆ ತೋರಿಸಿ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಟೀ ಕುಡ್ಕಂಡು ಬತ್ತೀನಿ."

ಹೋಗಿಯೇಬಿಟ್ಟರು. ನನ್ನ ನಾಲಿಗೆಯ ತುದಿಯಲ್ಲಿ ಧೈರ್ಯ ಹೇಳುವ ಏಳೆಂಟು ವಾಕ್ಯಗಳು ಸಾಲುಗಟ್ಟಿದ್ದವು, ನುಂಗಿದೆ. ಗಿರಿಜಾ ತಾನು ಬರೆದಿದ್ದ ಚಿತ್ರದ ಪುಸ್ತಕ ತೆಗೆದಳು. ಮೋಟಾರು ಬಿಚ್ಚಿ, ಪ್ರತಿಯೊಂದು ಬೆಸುಗೆಯ ಮೇಲೂ ಬೆರಳಿಟ್ಟು, ಚಿತ್ರದ ಗೆರೆಗೆ ಹೋಲಿಸುತ್ತ ಬಂದಳು. ಒಂದು ಕಡೆ ಬೆರಳು ನಿಂತಿತು.

"ಥೂ! ಇದರ ತಲೆಗೆ ಅದರ ಬಾಲ ಕಟ್ಬೇಕಿತ್ತು. ತಲೆಗೆ ತಲೇನೇ ಕಟ್ಟಿದೀನಿ ಕಣ್ರೀ ಸಾರ್!" ಎಂದು ತನ್ನ ಹಣೆಗೆ ತಾನೇ ಬಡಿದುಕೊಂಡಳು. ತಲೆಯೆಂದರೆ ಸುರುಳಿಯ ಮೊದಲ ತುದಿ, ಬಾಲವೆಂದರೆ ಕೊನೆಯದು; ಅದು ತಪ್ಪಿದ್ದರಿಂದ ಒಂದು ಗುಂಪಿನ ಸುರುಳಿಗಳು ಉಳಿದವಕ್ಕೆ ವಿರುದ್ಧವಾಗಿ ಎಳೆಯುತ್ತಿದ್ದವು. ಚರ್ಚಾಕೂಟದ ನನಗೆ ಅದು ಸುಲಭವಾಗಿ ಅರ್ಥವಾಯಿತು. ಬಿಚ್ಚಿ ತಿರುಗಿಸಿ ಕಟ್ಟಿದಳು.

ರುದ್ರಣ್ಣ ಹಿಂದಿರುಗುವ ಹೊತ್ತಿಗೆ ಮೋಟಾರು ನುಣ್ಣಗೆ ತಿರುಗುತ್ತಿತ್ತು. ಅವರು ಅಂಗೈಯಿಟ್ಟು ನೋಡಿದರು, ತಲೆ ಬಗ್ಗಿಸಿ ಕೇಳಿದರು, ಮೀಟರು ಹಿಡಿದು ಮೂರೂ ವೈರಿನಲ್ಲಿ ಕರೆಂಟು ಸಮನಾಗಿ ಹರಿಯುತ್ತಿದೆಯೆಂದು ಖಚಿತಪಡಿಸಿಕೊಂಡರು. "ಎಷ್ಟು ಹೊತ್ತಾಯ್ತು ಸಿಗೋಕೆ?" ಎಂದರು.

"ನೀವು ಒಂದು ಟೀ ಕುಡಿಯೋಷ್ಟು ಹೊತ್ತು."

"ಎರಡು ಕುಡ್ದೆ ಕಣವ್ವ. ಬೇಗ ಬಂದ್ಬಿಟ್ಟೇನು ಅಂತ." ಎಂದವರು ಮೂಲೆಯ ಡಬ್ಬಿಯ ಕಡೆ ಗದ್ದ ಎತ್ತಿ, "ವಾರ್ನಿಷ್ ಹುಯ್ಯಿ" ಎಂದರು. ವಾರ್ನಿಷ್ ಬಿದ್ದು ಒಣಗಿದರೆ ಸುತ್ತೆಲ್ಲ ಕಲ್ಲಿನಂತಾಗುತ್ತದೆ, ಇನ್ನು ಬಿಚ್ಚುವುದಿಲ್ಲ. ಆ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣಪತ್ರವಿರಲಿಲ್ಲ. ಸಸಿಗಳಲ್ಲಿ ಎರಡು ಹೋದವು, ಐವತ್ತೆಂಟು ನೀರು ಕುಡಿದವು. ಮನೆಯವರು ನಿಶ್ಚಯಿಸಿದ್ದ ಆ ಸೋಮವಾರ ಹಾಸನದ ಬಸ್ಸಿನಲ್ಲಿ ಗಿರಿಜಾ ಇರಲಿಲ್ಲ, ಅರಸೀಕೆರೆಯ ಬಸ್ಸಿನಲ್ಲಿದ್ದಳು.

ಮತ್ತೆರಡು ವರ್ಷ ಅಲ್ಲಿ ದುಡಿದ ಅವಳು ಐದಾರು ವರ್ಷಗಳಿಂದ ಹಳೇಬೀಡಿನಲ್ಲಿ ಬೇಲೂರಿನ ರಸ್ತೆಯಲ್ಲಿ ತನ್ನದೇ ಅಂಗಡಿ ನಡೆಸುತ್ತಿದ್ದಾಳೆ. ಹುಲಿಕೆರೆಯವರೂ ಸುತ್ತಲಿನ ಹಳ್ಳಿಯವರೂ ಈಗ ಮೋಟಾರು ಹೊತ್ತು ಅರಸೀಕೆರೆಗೆ ಬರುವುದಿಲ್ಲ. ರುದ್ರಣ್ಣ ಅಂಗಡಿ ಮುಚ್ಚಿ ಮಗಳ ಊರು ಸೇರಿದ ಮೇಲೆ ಅರಸೀಕೆರೆಯ ನಾನೇ ಹೊತ್ತು ಹಳೇಬೀಡಿಗೆ ಹೋಗುತ್ತೇನೆ. ಇವತ್ತು ಮಧ್ಯಾಹ್ನವೂ ಹೋದೆ.

ಅಂಗಡಿಯಲ್ಲಿ ಅವಳ ಜೊತೆ ಬಸವರಾಜು ಎಂಬವರು ಕುಳಿತಿದ್ದರು. ನಲವತ್ತು ದಾಟಿದವರು, ಬಹಳ ವರ್ಷ ತೆಂಗಿನ ಮರ ಹತ್ತಿ ಕಾಯಿ ಕೀಳುತ್ತಿದ್ದವರು, ಮೊಣಕಾಲು ಕೆಟ್ಟ ಮೇಲೆ ಇಲ್ಲಿ ಕೆಲಸ ಕಲಿಯಲು ಸೇರಿಕೊಂಡಿದ್ದಾರೆ. ಅಷ್ಟು ವಯಸ್ಸಿಗೆ ಹೊಸ ಕಸುಬು ಕಲಿಯಬಹುದೆಂದು ನನ್ನ ಮಾಹಿತಿ ಕೂಟದಲ್ಲಿ ನಾನೆಂದೂ ಹೇಳಿರಲಿಲ್ಲ. ಮುಂದಿನ ಭಾನುವಾರದಿಂದ ಹೇಳಬೇಕು.

ಗಿರಿಜಾ ಮೋಟಾರು ನೋಡಿದಳು, ನನ್ನನ್ನು ನೋಡಿದಳು. "ಸಾರ್, ಬಸವರಾಜಣ್ಣಂದು ಕಲಿಯೋದೆಲ್ಲಾ ಆಗಿದೆ. ಮೊದಲನೇ ಮೋಟಾರಿಗೆ ಕಾಯ್ತಿದಾರೆ. ಕೇಳಬಹುದಾ?"

ನಿಜ ಹೇಳುತ್ತೇನೆ: ಇಷ್ಟೆಲ್ಲ ಆದ ಮೇಲೂ ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ಹೊಂಡದ ನೀರು, ಬಿಸಿಲು, ಈ ವರ್ಷದ ಹೀಚು. ಭಯವನ್ನು ಕಳೆದುಕೊಂಡೆನೆಂದು ನಾನು ಹೇಳಲಾರೆ. ಆದರೆ ಈ ಸಲ ಬೀದಿಯ ಕೊನೆಯವರೆಗೆ ನಡೆದುಹೋಗಿ ಬರಬೇಕಾಗಲಿಲ್ಲ.

"ಬಸವರಾಜು ಅವರು ಸುತ್ತಲಿ" ಎಂದೆ.

ಅವರು ಎರಡೂ ಕೈಗಳನ್ನು ಲುಂಗಿಗೆ ಒರೆಸಿಕೊಂಡು ಮೋಟಾರನ್ನು ತಮ್ಮ ಕಡೆಗೆ ಎಳೆದುಕೊಂಡರು. ಮರದ ತಲೆ ನೋಡಿ ಎಷ್ಟು ಕಾಯಿ ಇರಬಹುದೆಂದು ಅಂದಾಜು ಕಟ್ಟುವವರಂತೆ ಅದನ್ನು ಸುತ್ತಲೂ ನೋಡಿ, "ಯಾವತ್ತಿಗೆ ಬೇಕು ಮೇಷ್ಟ್ರೇ?" ಎಂದು ಕೇಳಿದರು.

"ಗುರುವಾರಕ್ಕೆ ಆಗುತ್ತಾ?"

ಮೊದಲ ಬೋಲ್ಟಿಗೆ ಸ್ಪ್ಯಾನರು ಹಾಕುತ್ತ, ತಲೆಯನ್ನೂ ಎತ್ತದೆ, ಹುಟ್ಟಿದಂದಿನಿಂದ ಅಂಗಡಿ ನಡೆಸಿದವರ ಗತ್ತಿನಲ್ಲಿ ಹೇಳಿದರು: "ಶನಿವಾರ ಅಂತ ಇಟ್ಕಳಿ."